ಸ್ಲ್ಯಾಬು ಹಾಕುವ ಮುಂಚೆ ಒಮ್ಮೆ ಬಂದರಿಗೆ ಹೋಗಿ ಬನ್ನಿ

ಬ್ರಹ್ಮಾವರದಿಂದ ಬೈಂದೂರಿನ ತನಕದ ಮಸೀದಿ ಜಮಾಅತ್‌ಗಳ ಹಿರಿಯರಿಗೆ, ಕಟ್ಟಡ ಸಮಿತಿಗಳ ಯುವಕರಿಗೆ,



ನಾನು ಸಾಸ್ತಾನದಲ್ಲಿ ಮನೆ, ಅಂಗಡಿ, ಸಭಾಭವನಗಳ ನಕ್ಷೆ ಬರೆದು ಅಂದಾಜುಪಟ್ಟಿ ಮಾಡಿಕೊಡುವವನು. ಅಜ್ಜ ಮರಗೆಲಸದ ಆಚಾರಿ. ಅಪ್ಪನ ಕಾಲಕ್ಕೆ ಮರ ಹೋಗಿ ಸಿಮೆಂಟು ಬಂತು, ನನ್ನ ಕಾಲಕ್ಕೆ ಕಂಪ್ಯೂಟರು. ಕಟ್ಟುವುದರ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಕೆಡವುವುದರ ಬಗ್ಗೆ, ನಿಮ್ಮ ಹತ್ತಿರ ನಾಲ್ಕು ಮಾತು ಆಡುವಷ್ಟು ಸಲಿಗೆ ನನಗಿದೆ ಎಂದುಕೊಂಡಿದ್ದೇನೆ. ಮಸೀದಿಯೊಳಗಿನ ಧರ್ಮದ ವಿಚಾರ ನಿಮ್ಮದು, ನಿಮ್ಮ ಉಸ್ತಾದರದು; ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ನನ್ನ ಮಾತೆಲ್ಲ ಗೋಡೆ, ಕಂಬ, ಮಾಡು ಇಷ್ಟರದ್ದೇ.

ನಮ್ಮ ಬದಿಯ ಹೆಂಚಿನ ಮಸೀದಿಗಳು ಒಂದೊಂದಾಗಿ ಹೋಗುತ್ತಿವೆ. ಅಂದಾಜುಪಟ್ಟಿ ಕೇಳಿಕೊಂಡು ಬಂದ ಸಮಿತಿಯವರೊಬ್ಬರು ನನ್ನ ಮೇಜಿನ ಮುಂದೆ ಕೂತು ಹೇಳಿದರು: "ಹ್ವಾಯ್, ಈ ಹೆಂಚಿನ್ ಮಾಡ್ ಎಷ್ಟ್ ವರ್ಷ ಅಂತ ರಿಪೇರಿ ಮಾಡುದ್? ಪೂರಾ ತೆಗ್ದ್ ಒಂದ್ ಸ್ಲ್ಯಾಬ್ ಹಾಕುವ. ಮೇಲೊಂದ್ ಗುಮ್ಮಟ, ಎದುರಿಗ್ ಎರಡ್ ಮಿನಾರ್. ಕಂಡ್ರೆ ಮಸೀದಿ ಅಂತ ಗೊತ್ತಾಯ್ಕ್." ಅವರ ಮೊಬೈಲಿನಲ್ಲಿ ಅಬುಧಾಬಿಯ ಬಿಳಿ ಗುಮ್ಮಟಗಳ ಚಿತ್ರ ಇತ್ತು. ಊರಿನ ಹೆಸರು ಬೇಡ. ಅವರು ಒಳ್ಳೆಯ ಮನುಷ್ಯ, ಜಮಾಅತಿನ ಒಳ್ಳೆಯದಕ್ಕೇ ಓಡಾಡುವವರು. ಶುಕ್ರವಾರ ಜನ ಅಂಗಳದಲ್ಲಿ, ಮಳೆ ಬಂದರೆ ಶೀಟಿನ ಕೆಳಗೆ ನಿಂತು ನಮಾಜು ಮಾಡುವುದು ನಿಜ. ಜಾಗ ಸಾಲದು ಎಂಬ ಮಾತಿನಲ್ಲಿ ಸುಳ್ಳಿಲ್ಲ. ಗಲ್ಫಿನಲ್ಲಿ ಬೆವರು ಹರಿಸಿದ ಮಕ್ಕಳು ಊರಿನ ಮಸೀದಿ ಚೆಂದವಾಗಲಿ ಎಂದು ಹಣ ಕಳಿಸುವುದೂ ದೊಡ್ಡತನವೇ. ನನ್ನ ತಕರಾರು ಇರುವುದು "ಕಂಡರೆ ಮಸೀದಿ ಅಂತ ಗೊತ್ತಾಗಬೇಕು" ಎಂಬ ಮಾತಿನ ಬಗ್ಗೆ. ಹೆಂಚಿನ ಮಾಡಿನ ಮಸೀದಿ ಮಸೀದಿಯಂತೆ ಕಾಣುವುದಿಲ್ಲ ಎಂದು ನಮಗೆ ಅನ್ನಿಸತೊಡಗಿದ್ದು ತೀರ ಈಚೆಗೆ. ಈ ಕರಾವಳಿಗೆ ತನ್ನದೇ ಆದ ಮಸೀದಿಯ ರೂಪವೊಂದಿದೆ. ಅದು ಹಳೆಯದು, ಗಟ್ಟಿಯದು, ಈ ಮಳೆಗೆಂದೇ ಹುಟ್ಟಿದ್ದು. ಅದನ್ನು ಕೆಡವುವ ಮುಂಚೆ ಅದೇನೆಂದು ತಿಳಿದುಕೊಳ್ಳೋಣ ಎಂಬುದಷ್ಟೇ ನನ್ನ ಬೇಡಿಕೆ.

ಮೊದಲು ಹಳೆತನದ ಮಾತು. ಸಾಸ್ತಾನದಲ್ಲಿ ನಿಂತರೆ ಬಡಗು ದಿಕ್ಕಿಗೆ ವಾರಾಹಿ ಹೊಳೆಯ ದಡದ ಬಸ್ರೂರು, ತೆಂಕುಮೂಡಿಗೆ ಸೀತಾ ಹೊಳೆಯ ಬದಿಯ ಬಾರ್ಕೂರು. ಎರಡೂ ಒಂದು ಕಾಲದ ದೊಡ್ಡ ಬಂದರುಗಳು. 1342ರ ಸುಮಾರಿಗೆ, ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಮೊರೊಕ್ಕೊದ ಇಬ್ನ್ ಬತೂತ ಈ ಎರಡೂ ಊರುಗಳನ್ನು ದಾಟಿಕೊಂಡು ಹೋದ. ಬಸ್ರೂರನ್ನು ಅವನು ಅಬೂ ಸರೂರ್ ಎಂದು ಬರೆದುಕೊಂಡಿದ್ದಾನೆ: ತೆಂಗು ತುಂಬಿದ ಸಣ್ಣ ಊರು, ಅಲ್ಲಿನ ಮುಸ್ಲಿಮರ ಮುಖಂಡ ಶೇಖ್ ಜುಮಾ, ಇದ್ದಬದ್ದದ್ದನ್ನೆಲ್ಲ ಫಕೀರರಿಗೆ, ಬಡವರಿಗೆ ಹಂಚಿದ ದಾನಿ. ಅಲ್ಲಿಂದ ಎರಡು ದಿನದ ಹಾದಿಗೆ ಫಾಕನೂರ್, ಅಂದರೆ ನಮ್ಮ ಬಾರ್ಕೂರು. ಅಲ್ಲಿನ ಕಬ್ಬಿಗೆ ಸಾಟಿಯಿಲ್ಲ ಎನ್ನುತ್ತಾನೆ. ಅರಸ ಹಿಂದೂ, ಅವನ ಮೂವತ್ತರಷ್ಟು ಯುದ್ಧದ ಹಡಗುಗಳಿಗೆ ನಾಯಕನಾಗಿದ್ದವನು ಲೂಲಾ ಎಂಬ ಮುಸ್ಲಿಂ. ಊರಿನಲ್ಲಿ ಖಾಜಿ ಇದ್ದ, ಖತೀಬ ಇದ್ದ; ಮುಸ್ಲಿಮರ ಹಿರಿಯ ಹುಸೇನ್ ಎಂಬವನು ಶುಕ್ರವಾರದ ನಮಾಜಿಗೆಂದೇ ಒಂದು ಮಸೀದಿ ಕಟ್ಟಿಸಿದ್ದ. ನಮ್ಮ ಹಂಪಿಯ ಸಾಮ್ರಾಜ್ಯ ಆಗಿನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು. ಕೋಟ, ಸಾಲಿಗ್ರಾಮ, ಸಾಸ್ತಾನದ ಮಧ್ಯೆ ಓಡಾಡುವ ನಮ್ಮ ಮಕ್ಕಳಿಗೆ ಬಾರ್ಕೂರು ಎಂದರೆ ಕತ್ತಲೆ ಬಸದಿ, ಹಳೇ ಕೋಟೆ, ಸಾಲು ದೇವಸ್ಥಾನ. ಅದೇ ಊರಿನಲ್ಲಿ ಏಳುನೂರು ವರ್ಷದ ಹತ್ತಿರ ಹತ್ತಿರ ಹಿಂದೆ ಒಂದು ಜುಮಾ ಮಸೀದಿ ಇತ್ತು ಎಂಬುದನ್ನೂ ಅವರಿಗೆ ಹೇಳಬೇಕು.

ನಂಬಿಕೆಯ ಮಾತಿಗೆ ಬಂದರೆ ಇನ್ನೂ ಹಿಂದಕ್ಕೆ ಹೋಗಬೇಕು. ಅರಬ್ ನಾಡಿನಿಂದ ಬಂದ ಮಾಲಿಕ್ ದೀನಾರ್ ಮತ್ತು ಅವರ ಬಳಗದವರು ಈ ಕರಾವಳಿಯಲ್ಲಿ ಕಟ್ಟಿಸಿದರು ಎನ್ನುವ ಮಸೀದಿಗಳ ಪಟ್ಟಿಯೊಂದಿದೆ. 16ನೇ ಶತಮಾನದಲ್ಲಿ ಶೇಖ್ ಝೈನುದ್ದೀನ್ ಮಖ್ದೂಮ್ ಬರೆದ 'ತುಹ್ಫತುಲ್ ಮುಜಾಹಿದೀನ್' ಅದನ್ನು ದಾಖಲಿಸಿದೆ. ಕೊಡುಂಗಲ್ಲೂರು, ಕೊಲ್ಲಂ, ಕಾಸರಗೋಡು, ಮಂಗಳೂರಿನ ಜತೆಗೆ ಆ ಪಟ್ಟಿಯಲ್ಲಿ ಬಾರ್ಕೂರೂ ಇದೆ. ಇತಿಹಾಸಕಾರರು ಇದರ ಕಾಲದ ಬಗ್ಗೆ ಬೇರೆ ಬೇರೆ ಮಾತಾಡುತ್ತಾರೆ. ಆದರೆ ಬಾರ್ಕೂರಿನ ಹೆಸರು ಆ ಸಾಲಿನಲ್ಲಿ ನಿಂತಿರುವುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು?

ಬಾರ್ಕೂರಿನ ಆ ಮಸೀದಿ ಹೇಗಿತ್ತೆಂದು ತಿಳಿಯಬೇಕಾದರೆ ಅದೇ ಬಳಗದ ಮಸೀದಿಯೊಂದನ್ನು ನೋಡಬೇಕು. ಅದಕ್ಕೆ ನೀವು ಮಂಗಳೂರಿನ ಬಂದರಿಗೆ ಹೋಗಿ ಬನ್ನಿ ಎನ್ನುತ್ತಿದ್ದೇನೆ. ಅಕ್ಕಿ ಮೂಟೆ, ಬೆಲ್ಲ, ಒಣಮೆಣಸಿನ ಲಾರಿಗಳ ಮಧ್ಯೆ ದಾರಿ ಮಾಡಿಕೊಂಡು ನಡೆದರೆ ಸಿಗುವುದು ಝೀನತ್ ಬಕ್ಷ್ ಜುಮಾ ಮಸೀದಿ. ಹಿಜರಿ 22ರಲ್ಲಿ, ಅಂದರೆ ಕ್ರಿ.ಶ. 643ರ ಹೊತ್ತಿಗೆ ಇದು ಸ್ಥಾಪನೆಯಾಯಿತು, ಮೂಸಾ ಬಿನ್ ಮಾಲಿಕ್ ಇದರ ಮೊದಲ ಖಾಜಿ ಎಂದು ಮಸೀದಿಯ ಪರಂಪರೆ ಹೇಳುತ್ತದೆ. ಈಗಿನ ರೂಪಕ್ಕೆ ಟಿಪ್ಪು ಸುಲ್ತಾನನ ಕಾಲದ ನವೀಕರಣ ಕಾರಣ ಎನ್ನುತ್ತಾರೆ. ಝೀನತ್ ಬಕ್ಷ್ ಎಂಬುದು ಟಿಪ್ಪುವಿನ ಮಗಳ ಹೆಸರು ಎಂಬ ಮಾತಿದೆ.

ಒಳಗೆ ಹೋಗಿ. ನಮಾಜಿನ ಒಳಕೋಣೆಯಲ್ಲಿ ಹದಿನಾರು ಮರದ ಕಂಬಗಳಿವೆ. ಒಂದು ಕಂಬದ ಹತ್ತಿರ ನಿಂತು, ಕೆತ್ತನೆಯ ಮೇಲೆ ಬೆರಳಾಡಿಸಿ. ಹೂವು, ಎಸಳು, ಬಳ್ಳಿ, ಗೆರೆ, ಮತ್ತೆ ಹೂವು. ಮನುಷ್ಯನಾಗಲಿ, ಪ್ರಾಣಿಯಾಗಲಿ ಎಲ್ಲೂ ಇಲ್ಲ. ಈ ಉಳಿಯ ಕೆಲಸ ನಮ್ಮ ಕಣ್ಣಿಗೆ ಹೊಸದಲ್ಲ. ನಮ್ಮ ಬದಿಯ ಹಳೇ ಗುತ್ತು ಮನೆಗಳ ಚಾವಡಿ ಕಂಬಗಳಲ್ಲಿ, ದೇವಸ್ಥಾನದ ಮುಚ್ಚಿಗೆಯಲ್ಲಿ, ಬಸದಿಗಳ ಮೇಲಂತಸ್ತಿನಲ್ಲಿ ಇದೇ ಕೈ ಕಾಣುತ್ತದೆ. ದೇವರ ಮೂರ್ತಿ ಬಿಡಿಸುವಲ್ಲಿ ಮೂರ್ತಿ, ಬೇಡ ಎಂದಲ್ಲಿ ಹೂಬಳ್ಳಿ. ಆಚಾರಿಗೆ ಅದರಲ್ಲಿ ಕಷ್ಟವೇನೂ ಇರಲಿಲ್ಲ. ಇನ್ನು ತಲೆಯೆತ್ತಿ ನೋಡಿ. ಮರದ ಮುಚ್ಚಿಗೆ, ತೊಲೆ, ಜಂತಿ. ಹಳೇ ಮರಗೆಲಸದಲ್ಲಿ ಕಂಬದ ತುದಿಯನ್ನು ಸಪೂರ ಮಾಡಿ ತೊಲೆಯ ತೂತಿಗೆ ಕೂರಿಸಿ, ಮರದ್ದೇ ಬೆಣೆ ಹೊಡೆದು ಬಿಗಿಮಾಡುತ್ತಿದ್ದರು. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಈ ಜೋಡಣೆ ಅದಕ್ಕೆ ತಕ್ಕಂತೆ ಕೊಂಚ ಮಿಸುಕುತ್ತದೆ, ಬಿಡುವುದಿಲ್ಲ. ಕಬ್ಬಿಣದ ಮೊಳೆ ಹೊಡೆದಿದ್ದರೆ ಕಡಲ ಗಾಳಿಗೆ ಅದು ಎಂದೋ ತುಕ್ಕು ಹಿಡಿದು ಮರವನ್ನೂ ಸೀಳುತ್ತಿತ್ತು.

ಇಲ್ಲೊಂದು ವಿಷಯ ಗಮನಿಸಿ. ಟಿಪ್ಪು ತನ್ನ ರಾಜಧಾನಿ ಶ್ರೀರಂಗಪಟ್ಟಣದಲ್ಲಿ 1787ರಲ್ಲಿ ಮಸ್ಜಿದ್-ಎ-ಆಲಾ ಕಟ್ಟಿಸಿದ. ಅದಕ್ಕೆ ಎರಡು ಎತ್ತರದ ಮಿನಾರು, ಮೈಸೂರು–ಬೆಂಗಳೂರು ರಸ್ತೆಯಲ್ಲಿ ಹೋಗುವವರಿಗೆಲ್ಲ ಪರಿಚಿತ. ಅದೇ ದೊರೆಯ ಕಾಲದಲ್ಲಿ ಮಂಗಳೂರಿನ ಮಸೀದಿ ಹೊಸದಾದಾಗ ಅದು ಮರದ್ದಾಗಿಯೇ ಉಳಿಯಿತು. ಘಟ್ಟದ ಮೇಲಿನ ರೂಪವನ್ನು ಇಲ್ಲಿಗೆ ಇಳಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಬಲ, ಹಣ, ಕೆಲಸಗಾರರು ಯಾವುದಕ್ಕೂ ಕೊರತೆ ಇರದಿದ್ದ ಕಾಲದಲ್ಲೂ ಹಾಗೆ.

ಗುಮ್ಮಟವೇ ಬೇಕು ಎನ್ನುವವರಿಗೆ ನಮ್ಮ ಕರ್ನಾಟಕದಲ್ಲಿ ಅದರ ಬಹು ದೊಡ್ಡ ಮಾದರಿಗಳಿವೆ. ಅವುಗಳನ್ನೂ ಹೋಗಿ ನೋಡಿ ಎಂದೇ ನಾನು ಹೇಳುವುದು, ಏಕೆಂದರೆ ನೋಡಿದ ಮೇಲೆ ಮಾತು ಸುಲಭವಾಗುತ್ತದೆ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯ ಶಾಸನ 1367ನೇ ಇಸವಿಯದು, ಅದರಲ್ಲಿ ಕಟ್ಟಿದವನ ಹೆಸರೂ ಇದೆ: ಇರಾನಿನ ಕಝ್ವೀನ್ ಮೂಲದ ರಫಿ. ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಷಾನ ಕಾಲ. 216 ಅಡಿ ಉದ್ದ, 176 ಅಡಿ ಅಗಲ. ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇಲ್ಲಿ ಇಲ್ಲವೇ ಇಲ್ಲ. ಇಡೀ ಕಟ್ಟಡಕ್ಕೆ ಮಾಡು ಇದೆ. ಸಾಲು ಸಾಲು ಚಿಕ್ಕ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ಪಶ್ಚಿಮದ ಮಿಹ್ರಾಬಿನ ಮುಂದೆ ಎಲ್ಲಕ್ಕೂ ಎತ್ತರದ ಒಂದು. ಮೂರು ಬದಿಯ ಓಣಿಗಳಲ್ಲಿ ನೆಲಕ್ಕೆ ಹತ್ತಿರದಿಂದಲೇ ಏಳುವ ಅಗಲ ಕಮಾನುಗಳು. ಮಧ್ಯಾಹ್ನ ಒಳಗೆ ಹೋದರೆ ಹೊರಗಿನ ಸುಡುಬಿಸಿಲು ಮರೆತುಹೋಗುತ್ತದೆ. ಇದು ಮೊದಲು ದರ್ಬಾರಿನ ಸಭಾಂಗಣವಾಗಿತ್ತು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಇರಲಿ, ಕಟ್ಟಡವಂತೂ ಅಪರೂಪದ್ದು.

ವಿಜಯಪುರದ ಜಾಮಿ ಮಸೀದಿ ಇನ್ನೂ ವಿಶಾಲ. ಒಂದನೇ ಅಲಿ ಆದಿಲ್ ಷಾ 1570ರ ದಶಕದಲ್ಲಿ ಶುರುಮಾಡಿಸಿದ್ದು. ನಮಾಜಿನ ಹಜಾರದ ನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಮಿಕ್ಕಿ ಚೌಕಗಳನ್ನು ಗೆರೆ ಎಳೆದು ಗುರುತಿಸಿದ್ದಾರೆ. ಅದು ಔರಂಗಜೇಬನ ಕಾಲದ ಕೆಲಸ. 1636ರಲ್ಲಿ ಚಿನ್ನದ ಬಣ್ಣ ಕಂಡ ಮಿಹ್ರಾಬು ಇಂದಿಗೂ ಮಿನುಗುತ್ತದೆ. ಒಂದರೊಳಗೊಂದು ಹೆಣೆದ ಕಮಾನುಗಳ ಮೇಲೆ ಭಾರ ಹಂಚಿಕೊಂಡು ನಿಂತ ಅದರ ಗುಮ್ಮಟ ನನ್ನಂಥವರಿಗೆ ಪಾಠಶಾಲೆ. ಆದರೆ ನಿಮಗೆ ಗೊತ್ತೇ, ಪೂರ್ವದ ಬದಿಗೆ ಎತ್ತಬೇಕಿದ್ದ ಮಿನಾರುಗಳು ಅಲ್ಲಿ ಮುಗಿಯಲೇ ಇಲ್ಲ. ಮಿನಾರು ಪೂರ್ತಿಯಾಗದೆ ನಾಲ್ಕೂವರೆ ಶತಮಾನದ ಹತ್ತಿರ ಬಂದರೂ ವಿಜಯಪುರದ ಮಸೀದಿ ಸಣ್ಣದು ಎಂದು ಯಾರೂ ಹೇಳಿದ್ದಿಲ್ಲ.

ಕಲಬುರಗಿ, ವಿಜಯಪುರದವರು ಗುಮ್ಮಟ ಕಟ್ಟಿದ್ದಕ್ಕೆ ಅಲ್ಲಿನ ಕಲ್ಲು, ಗಾರೆ, ಬಿಸಿಲು ಕಾರಣ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಕಲಬುರಗಿಗೆ ಬೀಳುವುದು ಹೆಚ್ಚುಕಡಿಮೆ ಅದರ ಐದನೇ ಒಂದು ಪಾಲು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯ ಜತೆ ಓರೆಯಾಗಿ ಹೊಡೆಯುವ ಮಳೆಗೆ ಇಳಿಜಾರಿನ ಮಾಡೇ ಉತ್ತರ. ನಮ್ಮ ಹಿರಿಯರು ಎಷ್ಟು ಓರೆ ಇಟ್ಟರೆ ನೀರು ನಿಲ್ಲದು, ಎಷ್ಟು ಮಾಡು ಮುಂದಕ್ಕೆ ಚಾಚಿದರೆ ಮುರಕಲ್ಲಿನ ಗೋಡೆ ನೆನೆಯದು ಎಂದು ತಲೆಮಾರುಗಳ ಕಾಲ ಕಟ್ಟಿ ಕಟ್ಟಿ ಕಂಡುಕೊಂಡರು. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ 1430ರಲ್ಲಿ ಅದೇ ಇಳಿಜಾರು. ಭಟ್ಕಳದ ಕಲ್ಲಿನ ದೇವಸ್ಥಾನಗಳಲ್ಲಿ ಹಾಸುಗಲ್ಲುಗಳನ್ನೇ ಹೆಂಚಿನಂತೆ ಒಂದರ ಮೇಲೊಂದು ಇಳಿಬಿಟ್ಟಿದ್ದಾರೆ. ಕೋಯಿಕ್ಕೋಡಿನ ಮಿಶ್ಕಾಲ್ ಪಳ್ಳಿ ಅಂತಸ್ತಿನ ಮೇಲೆ ಅಂತಸ್ತಾಗಿ ಏರಿದ ಮರದ ಮಸೀದಿ, ಗುಮ್ಮಟವಿಲ್ಲ, ಮಿನಾರಿಲ್ಲ. 14ನೇ ಶತಮಾನದಲ್ಲಿ ಹಡಗಿನ ಒಡೆಯನೊಬ್ಬ ಕಟ್ಟಿಸಿದ್ದು. 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿ ಇಟ್ಟರು. ಮತ್ತೆ ಕಟ್ಟುವಾಗಲೂ ಆ ಊರಿನವರು ಅದನ್ನು ಮರದಲ್ಲೇ ಕಟ್ಟಿದರು. ದೇವಸ್ಥಾನ, ಬಸದಿ, ಮಸೀದಿ ಮೂರರ ಮಾಡೂ ಒಂದೇ ಥರ ಕಂಡರೆ ಅದಕ್ಕೆ ಮಳೆಯೂ ಆಚಾರಿಯೂ ಕಾರಣ. ಮಳೆ ಒಂದೇ, ಆಚಾರಿಯೂ ಒಬ್ಬನೇ.

ನಮ್ಮ ಹೆಂಚಿಗೂ ಒಂದು ಚರಿತ್ರೆ ಇದೆ. 1865ರಲ್ಲಿ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುಮಾಡಿದ ಮೇಲೆ ಬಂದದ್ದು ಈ ಚಪ್ಪಟೆ ಹೆಂಚು. ಅದಕ್ಕೂ ಮುಂಚೆ ಕೈಯಲ್ಲಿ ತಟ್ಟಿದ ಓಡು, ಇಲ್ಲದಿದ್ದರೆ ಮುಳಿಹುಲ್ಲು, ಮಡಲು. ಜರ್ಮನಿಯ ಪಾದ್ರಿಗಳ ಮಿಶನ್ನಿನವರು ಸುಟ್ಟ ಹೆಂಚು ನಮ್ಮ ದೇವಸ್ಥಾನದ ಮೇಲೂ ಹತ್ತಿತು, ನಿಮ್ಮ ಮಸೀದಿಯ ಮೇಲೂ ಹತ್ತಿತು. ಹಳೆಯವರು ಹೊಸದನ್ನು ಒಲ್ಲೆ ಎಂದವರಲ್ಲ. ಹೊಸ ಹೆಂಚು ತಂದರು, ಮಾಡಿನ ಓರೆ ಮಾತ್ರ ಬಿಡಲಿಲ್ಲ.

"ಇದು ಇಸ್ಲಾಮಿನ ರೂಪವೇ?" ಎಂದು ಕೇಳುವ ಯುವಕರೂ ಇದ್ದಾರೆ. ಧರ್ಮದ ಬಗ್ಗೆ ಮಾತಾಡುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಕಟ್ಟಡದ ಚರಿತ್ರೆ ಮಾತ್ರ ಹೇಳುತ್ತೇನೆ. ಮದೀನಾದಲ್ಲಿ ಪ್ರವಾದಿಯವರ ಕಾಲದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಖರ್ಜೂರದ ಗರಿಯ ಮಾಡು. ಅದಕ್ಕೆ ಮಿನಾರು ಸೇರಿದ್ದು ಉಮಯ್ಯದ್ ಖಲೀಫರ ಕಾಲದಲ್ಲಿ. ಅಲ್ಲಿ ಸಿಕ್ಕುವ ಮರ ಖರ್ಜೂರ, ಅದರಲ್ಲೇ ಕಟ್ಟಿದರು. ಜಾವಾ ದ್ವೀಪದ ದೆಮಾಕ್ ಊರಿನ ಮಸೀದಿ 15ನೇ ಶತಮಾನದ್ದು. ನಮ್ಮಂತೆಯೇ ಮಳೆಯ ನಾಡು, ನಾಲ್ಕು ದೊಡ್ಡ ಮರದ ಕಂಬಗಳ ಮೇಲೆ ಮೂರು ಅಂತಸ್ತಿನ ಇಳಿಜಾರು ಮಾಡು. ಚೀನಾದ ಷಿಯಾನ್‌ನ ದೊಡ್ಡ ಮಸೀದಿ ನೋಡಿದವರಿಗೆ ಚೀನೀ ಅರಮನೆಯ ಹೊರಾಂಗಣದಲ್ಲಿ ನಿಂತಂತೆ ಅನ್ನಿಸುತ್ತದೆ. ಮಸೀದಿಗೆ ಬೇಕಾದದ್ದು ಖಿಬ್ಲಾ. ನಮ್ಮಲ್ಲಿ ಅದು ಪಡುವಣದಿಂದ ತುಸು ಬಡಗಿಗೆ. ಮಾಡು ಆಯಾ ನಾಡಿನದು.

ಇನ್ನು ನನ್ನ ಕಸುಬಿನ ಮಾತು. ಸ್ಲ್ಯಾಬು ಹಾಕಿದ ಮೇಲೆ ಏನಾಗುತ್ತದೆ ಎಂದು ಅಂದಾಜುಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ, ನಾನು ಇಲ್ಲಿ ಬರೆಯುತ್ತೇನೆ. ಕಡಲಿಗೆ ಹತ್ತಿರದ ಊರುಗಳಲ್ಲಿ ಗಾಳಿಯಲ್ಲೇ ಉಪ್ಪಿದೆ. ಕಾಂಕ್ರೀಟಿನ ಸಣ್ಣ ಬಿರುಕುಗಳಲ್ಲಿ ಆ ಉಪ್ಪು ನೀರಿನ ಜತೆ ಇಳಿದು ಸರಳಿಗೆ ಮುಟ್ಟುತ್ತದೆ. ಸರಳು ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದ ಸರಳು ಕೆಳಗಿನ ಗಾರೆಯನ್ನು ದೂಡುತ್ತದೆ. ಹಳೇ ಸ್ಲ್ಯಾಬಿನ ಅಡಿಯಲ್ಲಿ ನಿಂತು ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿ ನೋಡಿ. ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ಬಿಟ್ಟುಕೊಂಡಿರುವಲ್ಲಿ ಟೊಳ್ಳು ಸದ್ದು. ಆಮೇಲೆ ಸೋರಿಕೆ. ಸೋರಿಕೆಗೆ ವಾಟರ್‌ಪ್ರೂಫಿಂಗ್ ರಾಸಾಯನಿಕ. ಅದೂ ಕೈಕೊಟ್ಟ ಮೇಲೆ ಕೊನೆಗೆ ಎಲ್ಲರೂ ಮಾಡುವುದು ಒಂದೇ: ಸ್ಲ್ಯಾಬಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಶೀಟಿನ ಇಳಿಜಾರು ಮಾಡು ಕಟ್ಟಿಸುವುದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸಿನಲ್ಲಿ ಕೂತು ಎರಡೂ ಬದಿ ನೋಡಿಕೊಂಡು ಹೋಗಿ, ಎಷ್ಟು ತಾರಸಿ ಕಟ್ಟಡಗಳ ನೆತ್ತಿಯ ಮೇಲೆ ನೀಲಿ, ಕೆಂಪು ಶೀಟು ಕೂತಿದೆ ಎಂದು ಕಾಣುತ್ತದೆ. ಓರೆ ಮಾಡನ್ನು ಕೆಡವಿ, ಲಕ್ಷಗಟ್ಟಲೆ ಸುರಿದು, ಮತ್ತೆ ಓರೆ ಮಾಡಿಗೇ ಬಂದ ಹಾಗಾಯಿತು. ಆಗ ಮೇಲೆ ಕಟ್ಟಿಸಿದ ಗುಮ್ಮಟ ಶೀಟಿನ ನಡುವೆ ಅರ್ಧ ಹೂತು ಕೂರುತ್ತದೆ. ಹೊರಗಿದ್ದ ಗುಮ್ಮಟವೂ ಒಂದೆರಡು ಮಳೆಗಾಲಕ್ಕೆ ಪಾಚಿ ಕಟ್ಟಿ ಕಪ್ಪಾಗುತ್ತದೆ. ಅದಕ್ಕೆ ಬಣ್ಣ ಹೊಡೆಯಲು ಪ್ರತಿ ಸಲ ಅಟ್ಟಣಿಗೆ ಕಟ್ಟಬೇಕು. ಬೋಳು ಕಾಂಕ್ರೀಟಿನ ಗುಮ್ಮಟದ ಕೆಳಗೆ ಸದ್ದು ಮಾರ್ದನಿಸುತ್ತದೆ, ಖುತುಬಾದ ಮಾತು ಮಾತಿನ ಮೇಲೆ ಬಿದ್ದು ಕಲಸಿಹೋಗುತ್ತದೆ. ಮರದ ಮುಚ್ಚಿಗೆಗೆ ಆ ಕಾಟ ಕಡಿಮೆ.

ಹೆಂಚಿನ ಮಾಡಿಗೆ ಖರ್ಚಿಲ್ಲ ಎಂದು ನಾನು ಹೇಳುವುದಿಲ್ಲ. ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಆಳು ಹತ್ತಬೇಕು, ಒಡೆದ ಹೆಂಚು ಬದಲಿಸಬೇಕು, ರೀಪು ಪಕ್ಕಾಸಿಗೆ ಒರಲೆ ಹಿಡಿದಿದೆಯೇ ಎಂದು ಕುಟ್ಟಿ ನೋಡಬೇಕು. ಮಂಗ ಹಾರಿದರೆ ಹತ್ತು ಹೆಂಚು ಪುಡಿ. ಹತ್ತುವ ಆಳುಗಳು ಸಿಗುವುದೂ ಈಗ ಕಷ್ಟ. ಆದರೆ ಈ ಕಟ್ಟಡದ ಗುಣ ಏನೆಂದರೆ, ಕೆಟ್ಟ ಭಾಗವನ್ನಷ್ಟೇ ತೆಗೆದು ಹೊಸದು ಹಾಕಬಹುದು. ಒಂದು ಪಕ್ಕಾಸು ಹಾಳಾದರೆ ಒಂದೇ ಪಕ್ಕಾಸು. ಹೀಗೆ ತುಂಡು ತುಂಡಾಗಿ ಹೊಸದಾಗುತ್ತಲೇ ನೂರಾರು ವರ್ಷ ಬಾಳುತ್ತದೆ.

ಇದನ್ನೆಲ್ಲ ನಿಮಗೆ ಮಾತ್ರ ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ನಮ್ಮ ದೇವಸ್ಥಾನಗಳ ಜೀರ್ಣೋದ್ಧಾರದಲ್ಲೂ ಇದೇ ನಡೆಯುತ್ತಿದೆ: ಹಳೇ ಮರದ ಮುಚ್ಚಿಗೆ ಸೌದೆಗೆ, ಸುತ್ತುಪೌಳಿಗೆ ಕಾಂಕ್ರೀಟು, ನೆಲಕ್ಕೆ ಜಾರುವ ಗ್ರಾನೈಟು. ಇಗರ್ಜಿಗಳ ಕಥೆಯೂ ಬೇರೆಯಲ್ಲ. ಬ್ರಹ್ಮಕಲಶದ ಸಮಿತಿಗಳಲ್ಲಿ ಕೂತು ಇದೇ ಮಾತು ಹೇಳಿ ಬೈಸಿಕೊಂಡವನು ನಾನು. ಎಲ್ಲರ ಹಳೇ ಕಟ್ಟಡಗಳೂ ಒಟ್ಟಿಗೇ ಹೋಗುತ್ತಿವೆ.

ಆದರೆ ಮಸೀದಿಯ ವಿಷಯದಲ್ಲಿ ಇನ್ನೊಂದು ಜವಾಬ್ದಾರಿಯೂ ಸೇರಿಕೊಂಡಿದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರು ಹತ್ತಿರದ ಮಳಲಿಯಲ್ಲಿ ಹಳೇ ಮಸೀದಿಯೊಂದರ ಮುಂಭಾಗವನ್ನು ನವೀಕರಣಕ್ಕೆಂದು ಕೆಡವಿದಾಗ ಒಳಗಿನ ಹಳೇ ಕಟ್ಟಡ ಕಣ್ಣಿಗೆ ಬಿತ್ತು. ಅದು ದೇವಸ್ಥಾನದಂತಿದೆ ಎಂದು ಕೆಲವರು, ನಮ್ಮ ಮಸೀದಿಯೇ ಎಂದು ಇನ್ನು ಕೆಲವರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಆ ವ್ಯಾಜ್ಯದಲ್ಲಿ ಯಾರು ಸರಿ ಎಂದು ಹೇಳುವವನು ನಾನಲ್ಲ, ಅದು ನ್ಯಾಯಾಲಯದ ಕೆಲಸ. ಅದರಿಂದ ನಾನು ತೆಗೆದುಕೊಂಡ ಪಾಠ ಇಷ್ಟು: ಕರಾವಳಿಯ ಹಳೇ ಮಸೀದಿಗಳ ಅಳತೆ, ನಕ್ಷೆ, ಚಿತ್ರ ಯಾವುದೂ ನಮ್ಮ ಹತ್ತಿರ ಇಲ್ಲ. ಇಲ್ಲಿನ ಮಸೀದಿಯ ರೂಪ ಯಾವುದು ಎಂದು ಹಿಂದೂಗಳಿಗೂ ಗೊತ್ತಿಲ್ಲ, ಮುಸ್ಲಿಮರ ಮಕ್ಕಳಿಗೂ ಮರೆತುಹೋಗಿದೆ. ಇರುವ ಹೆಂಚಿನ ಮಸೀದಿಗಳನ್ನೆಲ್ಲ ಕೆಡವಿ ಮುಗಿಸಿದರೆ, ಈ ನಾಡಿನಲ್ಲಿ ನಿಮ್ಮವರು ಏಳುನೂರು ವರ್ಷದಿಂದ ಇದ್ದಾರೆ ಎಂಬುದಕ್ಕೆ ಪುಸ್ತಕದ ಮಾತೊಂದೇ ಉಳಿಯುತ್ತದೆ. ಹೊಸ ಗುಮ್ಮಟ ನೋಡಿದವರು ನೀವು ನಿನ್ನೆ ಬಂದವರೆಂದೇ ತಿಳಿಯುತ್ತಾರೆ.

ಹಾಗಾದರೆ ಜಾಗದ ಕಷ್ಟಕ್ಕೆ ಏನು ಮಾಡುವುದು? ಕೇರಳದ ಕೊಡುಂಗಲ್ಲೂರಿನ ಚೇರಮಾನ್ ಜುಮಾ ಮಸೀದಿಯವರು ಇದೇ ಪ್ರಶ್ನೆ ಎದುರಿಸಿದರು. ಭಾರತದ ಮೊದಲ ಮಸೀದಿ ಎಂದು ಪರಂಪರೆ ಹೇಳುವ ಜಾಗ ಅದು. 20ನೇ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲೂ ಹಳೇ ಕಟ್ಟಡದ ಸುತ್ತ ಕಾಂಕ್ರೀಟು, ಗುಮ್ಮಟ, ಮಿನಾರು ಎದ್ದಿದ್ದವು. ಈಚೆಗೆ ಮುಝಿರಿಸ್ ಪರಂಪರೆ ಯೋಜನೆಯಡಿ ವಾಸ್ತುಶಿಲ್ಪಿ ಬೆನ್ನಿ ಕುರಿಯಾಕೋಸ್ ಅವರ ಮಾರ್ಗದರ್ಶನದಲ್ಲಿ ಆ ಕಾಂಕ್ರೀಟು ತೆಗೆದು, ಹೆಂಚಿನ ಮಾಡಿನ ಹಳೇ ರೂಪವನ್ನು ಮರಳಿ ತಂದರು. ಹೆಚ್ಚಾದ ಜನಕ್ಕೆ ನೆಲದಡಿಯಲ್ಲಿ ದೊಡ್ಡ ಹಜಾರ ಮಾಡಿದರು. ಕೆಡವಿ ಕಟ್ಟಿದ್ದನ್ನು ಮತ್ತೆ ಕೆಡವಿ ಹಳೆಯದಕ್ಕೆ ಬಂದವರ ಅನುಭವ ನಮ್ಮ ಮುಂದಿದೆ. ನಾವು ಆ ಸುತ್ತು ಹಾಕಬೇಕೆಂದೇನಿಲ್ಲ.

ಮಾಡಬಹುದಾದ ಕೆಲಸಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಅಳತೆ. ಒಂದು ಹೆಂಚು ಇಳಿಸುವ ಮುಂಚೆಯೂ ಮಸೀದಿಯ ಪೂರ್ತಿ ಅಳತೆ ತೆಗೆದು ನಕ್ಷೆ ಮಾಡಿಸಿ. ಕಂಬ, ಬಾಗಿಲ ದಾರಂದ, ಮಿಂಬರ್, ಮುಚ್ಚಿಗೆ, ಗೋಡೆ ಮೇಲಿನ ಅರಬ್ಬೀ ಬರಹ ಎಲ್ಲದರ ಚಿತ್ರ ತೆಗೆದಿಡಿ. ಹಳೇ ಗೋರಿಕಲ್ಲುಗಳ ಬರಹವನ್ನೂ ಬಿಡಬೇಡಿ. ಆರ್ಕಿಟೆಕ್ಚರ್ ಓದುವ ಮಕ್ಕಳಿಗೆ ಹಳೇ ಕಟ್ಟಡದ ಅಳತೆ ತೆಗೆಯುವುದು ಪಾಠದ ಭಾಗ. ಮಣಿಪಾಲ ನಮಗೆ ದೂರವೇನಲ್ಲ. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಮಂಗಳೂರು ಘಟಕದವರಿಗೂ ಈ ವಿಷಯದಲ್ಲಿ ಆಸಕ್ತಿ ಇದೆ.

ಎರಡನೆಯದು, ಒಳಕೋಣೆ ಉಳಿಸಿ. ಮಿಹ್ರಾಬ್ ಇರುವ ಹಳೇ ಒಳಕೋಣೆಯನ್ನು ಇದ್ದಂತೆಯೇ ಬಿಟ್ಟು, ಪೂರ್ವಕ್ಕೆ ಅಥವಾ ಎರಡು ಪಕ್ಕಕ್ಕೆ ಹೊಸ ಹಜಾರ ಸೇರಿಸಿ. ಹೊಸದನ್ನು ಕಬ್ಬಿಣದ ಟ್ರಸ್ಸಿನ ಮೇಲೆ ಹೆಂಚು ಹೊದಿಸಿ ಕಟ್ಟಬಹುದು; ನಡುವೆ ಕಂಬದ ಅಡ್ಡಿಯಿಲ್ಲದೆ ಸಾಲು ನಿಲ್ಲಲು ಜಾಗ ಸಿಗುತ್ತದೆ, ಹೊರಗಿನಿಂದ ಹಳೆಯದರ ಜತೆ ಹೊಂದಿಕೊಳ್ಳುತ್ತದೆ. ಹಳೇ ಮಾಡು, ಹೊಸ ಮಾಡು ಕೂಡುವ ಕಡೆ ನೀರು ಹರಿಯಲು ದೊಡ್ಡ ದೋಣಿ ಕೊಡಲು ಮಾತ್ರ ಮರೆಯಬೇಡಿ. ಸೋರಿಕೆ ಶುರುವಾಗುವುದೇ ಆ ಮೂಲೆಯಲ್ಲಿ.

ಮೂರನೆಯದು, ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಿಯಬೇಡಿ. ಮುರಕಲ್ಲು ನೀರು ಹೀರುತ್ತದೆ, ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟು ಬಳಿದರೆ ನೀರು ಒಳಗೇ ಉಳಿದು, ಗೋಡೆಯ ಬುಡ ಮೇಲಕ್ಕೆ ಮೇಲಕ್ಕೆ ಒದ್ದೆಯಾಗುತ್ತದೆ. ಒಳಗಡೆ ಬಣ್ಣ ಚಕ್ಕೆಚಕ್ಕೆಯಾಗಿ ಏಳುವುದನ್ನು ಕಂಡು ಮತ್ತೆ ಟೈಲ್ಸ್ ಹಾಕಿಸುತ್ತೀರಿ, ಆಗ ನೀರು ಟೈಲ್ಸಿನ ಮೇಲಿನ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯದು, ಮಿನಾರು ಬೇಕೇಬೇಕು ಎಂದಾದರೆ ಗೇಟಿನ ಹತ್ತಿರ ಬೇರೆಯಾಗಿ ಕಟ್ಟಿ. ಹಳೇ ಗೋಡೆಯ ಮೇಲೆ ಅದರ ಭಾರ ಬೀಳದಿರಲಿ. ಯುವಕರ ಆಸೆಯೂ ಈಡೇರುತ್ತದೆ, ಮಸೀದಿಯೂ ಉಳಿಯುತ್ತದೆ.

ಐದನೆಯದು, ಮರ ಬಿಸಾಡಬೇಡಿ. ಒರಲೆ ತಿಂದದ್ದು ಹೋಗಲಿ. ಗಟ್ಟಿ ಇರುವ ಹಳೇ ಸಾಗುವಾನಿ, ಬೀಟೆ, ಹಲಸಿನ ಮರ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕೆಡವುವ ಗುತ್ತಿಗೆಯಲ್ಲಿ "ಹಳೇ ಸಾಮಾನು ಗುತ್ತಿಗೆದಾರನಿಗೆ" ಎಂದು ಒಂದು ಸಾಲು ಸೇರಿಸಿರುತ್ತಾರೆ. ಆ ಸಾಲನ್ನು ಹೊಡೆದುಹಾಕಿ. ನಿಮ್ಮ ಮಸೀದಿಯ ಕಂಬ ಯಾವುದೋ ರೆಸಾರ್ಟಿನ ಬಾಗಿಲಲ್ಲಿ ನಿಲ್ಲುವುದು ಬೇಡ.

ಈ ಐದರಲ್ಲಿ ಯಾವುದಕ್ಕೂ ಸ್ಲ್ಯಾಬಿನಷ್ಟು ಹಣ ಬೇಕಾಗುವುದಿಲ್ಲ. ಬೇಕಾಗುವುದು ತಾಳ್ಮೆ, ಮತ್ತೆ ಮರ ತಿಳಿದ ಒಬ್ಬ ಆಚಾರಿ. ಅಂಥವರು ನಮ್ಮ ಬದಿಯಲ್ಲಿ ಇನ್ನೂ ಇದ್ದಾರೆ, ಕೆಲಸವಿಲ್ಲದೆ ಸೋಫಾ ಸೆಟ್ಟು ಮಾಡಿಕೊಂಡು. ಅವರ ಮಕ್ಕಳು ಉಳಿ ಕೆಳಗಿಡುವ ಮುಂಚೆ ನಿಮ್ಮ ಮಸೀದಿಗಳ ಕೆಲಸ ಅವರಿಗೆ ಸಿಕ್ಕರೆ ಎರಡು ಹಳೆಯವು ಒಟ್ಟಿಗೆ ಉಳಿಯುತ್ತವೆ, ಕಟ್ಟಡವೂ ಕಸುಬೂ.

ಹಾಜಿಯವರೇ, ಸಾಹೇಬ್ರೇ, ಯುವಕ ಮಿತ್ರರೇ, ನಿಮ್ಮ ಮುಂದಿನ ಸಭೆಯಲ್ಲಿ ಕಟ್ಟಡದ ವಿಷಯ ಬಂದಾಗ ಈ ಪತ್ರವನ್ನು ಒಮ್ಮೆ ಓದಿಸಿ. ಠರಾವು ಮಾಡುವ ಮುಂಚೆ ಒಂದು ವ್ಯಾನು ಮಾಡಿಕೊಂಡು ಸಮಿತಿಯವರೆಲ್ಲ ಮಂಗಳೂರಿನ ಬಂದರಿಗೆ ಹೋಗಿ ಬನ್ನಿ. ಅಲ್ಲಿಯ ಜಮಾಅತಿನವರ ಹತ್ತಿರ ಆ ಮರದ ಒಳಕೋಣೆಯನ್ನು ಹೇಗೆ ಕಾಪಾಡಿಕೊಂಡು ಬಂದಿರಿ, ಏನು ಖರ್ಚು, ಏನು ಕಷ್ಟ ಎಂದು ಕೇಳಿ. ಸಾಧ್ಯವಾದರೆ ಕೊಡುಂಗಲ್ಲೂರಿಗೂ ಹೋಗಿ. ಬಂದ ಮೇಲೂ ಸ್ಲ್ಯಾಬೇ ಬೇಕು ಅನ್ನಿಸಿದರೆ ಅದು ನಿಮ್ಮ ತೀರ್ಮಾನ, ನನ್ನದೇನೂ ಇಲ್ಲ. ಉಳಿಸೋಣ ಅನ್ನಿಸಿದರೆ ಹೇಳಿಕಳಿಸಿ. ಅಳತೆ ತೆಗೆಯಲು ಟೇಪು ಹಿಡಿದುಕೊಂಡು ಬರುತ್ತೇನೆ, ನಕ್ಷೆಗೆ ಹಣ ಬೇಡ. ಮಳೆಗಾಲ ಶುರುವಾಗುವ ಮುಂಚೆ ಹೇಳಿದರೆ ಒಳ್ಳೆಯದು, ಮಾಡಿನ ಮೇಲೆ ಹತ್ತಲು ಆಗ ಮಾತ್ರ ಆಗುತ್ತದೆ.

ಇಂತಿ,
ಸಾಸ್ತಾನದ ಒಬ್ಬ ಕಟ್ಟಡ ಕೆಲಸದವ